ಹಾಜರಿ, ಬಾಕಿ, ಹಕ್ಕು



ಈ ದತ್ತಿಗೆ ಒಬ್ಬರ ಹೆಸರಿಲ್ಲ. ಈ ಕಾಲೇಜಿನಲ್ಲಿ ಓದಿ ಹೋದ ಕೆಲವರು, ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿದು ತಮ್ಮನ್ನು ಓದಿಸಿದ ತಾಯಂದಿರ ನೆನಪಿಗೆ ದುಡ್ಡು ಕೂಡಿಸಿ ಇಟ್ಟದ್ದು. ದತ್ತಿಪತ್ರದಲ್ಲಿ ಅವರು ಕೇಳಿರುವುದು ಒಂದೇ ಮಾತು: ಪ್ರತಿವರ್ಷ ಹೆಂಗಸರ ಬದುಕಿನ ಮೇಲೆ ಒಂದು ಉಪನ್ಯಾಸ ಆಗಬೇಕು, ಅದು ಭಾನುವಾರವೇ ಆಗಬೇಕು. ಭಾನುವಾರ ಯಾಕೆ ಎನ್ನುವುದು ಹಿಂದಿನ ಸಾಲುಗಳಲ್ಲಿ ಕೂತಿರುವ ಅಮ್ಮಂದಿರಿಗೆ ಗೊತ್ತು. ಬಟ್ಟೆ ಒಗೆಯುವುದನ್ನೂ ವಾರದ ಸಂತೆಯನ್ನೂ ಬಿಟ್ಟು ಅವರು ಇಲ್ಲಿಗೆ ಬಂದಿದ್ದಾರೆ. ಆ ಎರಡು ಗಂಟೆಗೆ ತಕ್ಕ ಮಾತು ಆಡಬೇಕೆಂಬ ಭಯ ನನಗಿದೆ.

ನನಗೆ ಕೊಟ್ಟಿರುವ ವಿಷಯ 'ಅರಬ್ ಸಮಾಜಗಳಲ್ಲಿ ಮಹಿಳೆಯರ ಸಬಲೀಕರಣ ಮತ್ತು ನಾಯಕತ್ವ'. ನನಗೆ ಅರಬ್ಬಿ ಬಾರದು. ಆ ನಾಡುಗಳನ್ನು ಪುಸ್ತಕಗಳಿಂದ ಬಲ್ಲೆ, ಕಣ್ಣಾರೆ ಕಂಡಿಲ್ಲ. ಕನ್ನಡ ಪಾಠ ಹೇಳುವವಳಾದ್ದರಿಂದ ಮೊದಲು ಹೋದದ್ದು ನಿಘಂಟಿನ ಹತ್ತಿರ. ಅಲ್ಲಿ ಕಂಡದ್ದೇ ಇವತ್ತಿನ ಮಾತಿಗೆ ದಾರಿಯಾಯಿತು.

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸೊಬ್ಬಳ ಒಂದು ತಿಂಗಳನ್ನು ನೋಡಿ. ಬೆಳಗ್ಗೆ ಹಾಜರಿ. ಮಗುವಿಗೆ ಜ್ವರ ಬಂದರೆ ರಜಾ. ತಿಂಗಳು ತುಂಬಿದ ಮೇಲೆ ಸಂಬಳ ಜಮಾ. ದಿನಸಿ ಅಂಗಡಿಯಲ್ಲಿ ಬಾಕಿ. ಸಂಘದ ಸಾಲದವರು ಬಂದರೆ ವಸೂಲಿ. ಕೆಲಸ ಬಿಡಿಸಿದರೆ ತಕರಾರು. ತಕರಾರು ಮುಂದುವರಿದರೆ ವಕೀಲ, ಕೇಸು ಬಿದ್ದರೆ ಜಾಮೀನು. ಹಾಜರಿ, ರಜಾ, ಜಮಾ, ಬಾಕಿ, ವಸೂಲಿ, ತಕರಾರು, ವಕೀಲ, ಜಾಮೀನು, ಇವೆಲ್ಲದರ ಬೇರು ಅರಬ್ಬಿಯಲ್ಲಿದೆ. ಪಾರ್ಸಿ, ದಖನಿಗಳ ಮೂಲಕ, ಕಚೇರಿಯ ದಫ್ತರಗಳ ದಾರಿ ಹಿಡಿದು ಕನ್ನಡಕ್ಕೆ ಬಂದು, ಬಂದದ್ದೇ ಮರೆತು ನಮ್ಮವಾದ ಮಾತುಗಳು. ಇವುಗಳ ಸಾಲಿನಲ್ಲೇ ಇನ್ನೊಂದು ಇದೆ: ಹಕ್ಕು. ಅರಬ್ಬಿಯ 'ಹಕ್' ಎನ್ನುವುದಕ್ಕೆ ಸತ್ಯ ಎಂಬ ಅರ್ಥವೂ ಇದೆ, ನ್ಯಾಯವಾಗಿ ಸಲ್ಲಬೇಕಾದ್ದು ಎಂಬ ಅರ್ಥವೂ ಇದೆ. ತಕರಾರು ಎನ್ನುವುದಕ್ಕೆ ಅಲ್ಲಿ ಅರ್ಥ ಮತ್ತೆ ಮತ್ತೆ ಹೇಳುವುದು. ಮತ್ತೆ ಮತ್ತೆ ಹೇಳಿದ್ದು ನಮ್ಮಲ್ಲಿಗೆ ಬರುವ ಹೊತ್ತಿಗೆ ಆಕ್ಷೇಪವಾಯಿತು. ಈ ಪಲ್ಲಟವನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಹೆಂಗಸು ಒಂದೇ ಮಾತನ್ನು ಎರಡನೇ ಸಲ ಹೇಳಿದರೆ ಅದನ್ನು ಜಗಳವೆಂದು ಕೇಳಿಸಿಕೊಳ್ಳುವ ಕಿವಿಗಳನ್ನು ನಾನು ಮನೆಯಲ್ಲೂ ಕಂಡಿದ್ದೇನೆ, ಕಾರ್ಖಾನೆಯ ಗೇಟಿನಲ್ಲೂ ಕಂಡಿದ್ದೇನೆ.

ಹಾಗಾಗಿ ಅರಬ್ ನಾಡಿನ ಒಂದು ಊರಿಗೆ ಹೋಗಿ ಪೀಣ್ಯಕ್ಕೆ ವಾಪಸು ಬರುತ್ತೇನೆ. ರಾಣಿಯರು, ಮಂತ್ರಿಣಿಯರ ಕಥೆ ಹೇಳುವವರು ಬೇರೆ ಇದ್ದಾರೆ.

ಈಜಿಪ್ಟಿನಲ್ಲಿ, ನೈಲ್ ನದಿ ಕವಲೊಡೆಯುವ ಬಯಲಿನಲ್ಲಿ, ಮಹಲ್ಲಾ ಅಲ್ ಕುಬ್ರಾ ಎಂಬ ಊರಿದೆ. ಮೈಸೂರಿನ ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ ಎನ್ನುತ್ತೇವಲ್ಲ, ಅದೇ ಮೊಹಲ್ಲಾ. ಸುತ್ತ ಹತ್ತಿ ಹೊಲ. ಊರ ನಡುವೆ 1927ರಲ್ಲಿ ತಲಾತ್ ಹರ್ಬ್ ಎಂಬ ದೇಶಾಭಿಮಾನಿ ಬ್ಯಾಂಕರು ಕಟ್ಟಿಸಿದ ನೂಲಿನ ಗಿರಣಿ. ಬ್ರಿಟಿಷರ ಬಟ್ಟೆಗೆ ಬದಲಾಗಿ ನಮ್ಮ ಹತ್ತಿ, ನಮ್ಮ ಬಟ್ಟೆ ಎನ್ನುವ ಛಲದಲ್ಲಿ ಹುಟ್ಟಿದ್ದು. ಆಮೇಲೆ ಅದು ಸರ್ಕಾರದ್ದಾಯಿತು. 2006ರ ಹೊತ್ತಿಗೆ ಅಲ್ಲಿ 20 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ನೂಲುವ, ನೇಯುವ ವಿಭಾಗಗಳಲ್ಲಿ ಗಂಡಸರು, ಉಡುಪು ಹೊಲಿಯುವ ವಿಭಾಗದಲ್ಲಿ ಹೆಂಗಸರು.

ಆ ವರ್ಷದ ಮಾರ್ಚಿನಲ್ಲಿ ಈಜಿಪ್ಟಿನ ಪ್ರಧಾನಿ ಒಂದು ಆದೇಶ ಹೊರಡಿಸಿದರು: 1984ರಿಂದ 100 ಪೌಂಡಿಗೇ ನಿಂತಿದ್ದ ವರ್ಷದ ಬೋನಸ್ಸು ಇನ್ನು ಮೇಲೆ ಎರಡು ತಿಂಗಳ ಸಂಬಳ. ಜನ ಡಿಸೆಂಬರ್ ಬರಲೆಂದು ಕಾದರು. ಡಿಸೆಂಬರ್ ಬಂತು, ಕೈಗೆ ಬಂದದ್ದು ಅದೇ 100 ಪೌಂಡು, ಅದರಲ್ಲೂ ತೆರಿಗೆ ಕಡಿತ. ಸಂಬಳವನ್ನೇ ಮುಟ್ಟುವುದಿಲ್ಲವೆಂದು ಹಲವರು ವಾಪಸು ಮಾಡಿದರು. ಡಿಸೆಂಬರ್ 7ರ ಬೆಳಗ್ಗೆ ಹೊಲಿಗೆ ವಿಭಾಗದ ಸುಮಾರು 3 ಸಾವಿರ ಹೆಂಗಸರು ಮೆಶಿನ್ ಬಿಟ್ಟು ಎದ್ದರು. ಗಂಡಸರ ವಿಭಾಗಗಳಲ್ಲಿ ಮೆಶಿನ್ನುಗಳು ಇನ್ನೂ ಓಡುತ್ತಿದ್ದವು. ಹೆಂಗಸರು ಅಂಗಳ ದಾಟಿ ಅಲ್ಲಿಗೇ ನಡೆದು ಹೋಗಿ, ಗಂಡಸರೆಲ್ಲಿ, ಹೆಂಗಸರು ಇಲ್ಲಿದ್ದೇವೆ ಎಂದು ಕೂಗಿದರು. ಕೂಗು ಕೇಳಿ ಗಂಡಸರೂ ಎದ್ದರು. ಗಿರಣಿಯ ಮುಂದಿನ ಚೌಕದಲ್ಲಿ ಸಾವಿರಾರು ಜನ ಸೇರಿದರು. ನಾಲ್ಕನೇ ದಿನಕ್ಕೆ ಸರ್ಕಾರ ಬಗ್ಗಿ 45 ದಿನದ ಸಂಬಳವನ್ನು ಬೋನಸ್ಸಾಗಿ ಕೊಡಲು ಒಪ್ಪಿತು. ಆ ಬೆಂಕಿ ಅಲ್ಲಿಗೆ ಆರಲಿಲ್ಲ. ಒಂದಾದ ಮೇಲೊಂದು ಗಿರಣಿಗೆ ಹಬ್ಬಿತು. 2008ರ ಏಪ್ರಿಲ್ 6ರಂದು ಮಹಲ್ಲಾದಲ್ಲಿ ಮತ್ತೆ ಜನ ಬೀದಿಗೆ ಬಂದಾಗ ಅವರ ಬೆಂಬಲಕ್ಕೆ ನಿಂತ ಯುವಕ ಯುವತಿಯರು ಆ ದಿನಾಂಕವನ್ನೇ ತಮ್ಮ ಗುಂಪಿನ ಹೆಸರಾಗಿಸಿಕೊಂಡರು. 2011ರ ಜನವರಿಯಲ್ಲಿ ಕೈರೋದ ತಹ್ರೀರ್ ಚೌಕಕ್ಕೆ ಜನರನ್ನು ಕರೆದವರಲ್ಲಿ ಆ ಗುಂಪಿನವರೂ ಇದ್ದರು.

ತಹ್ರೀರ್ ಚೌಕವನ್ನು ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡಿತು. ಮೊದಲು ಮೆಶಿನ್ ಬಿಟ್ಟು ಎದ್ದ ಆ 3 ಸಾವಿರ ಹೆಂಗಸರನ್ನು ತೋರಿಸಿದ ಟಿ.ವಿ.ಗಳು ತೀರ ಕಡಿಮೆ.

ಈಗ ನಮ್ಮ ಕಡೆಗೆ ಬರೋಣ. ಗಾರ್ಮೆಂಟ್ಸ್ ಒಳಗೆ ಕಾಲಿಡದ ವಿದ್ಯಾರ್ಥಿಗಳಿಗೆ ಒಂದು ಲೈನು ಹೇಗೆ ನಡೆಯುತ್ತದೆಂದು ಹೇಳಬೇಕು. ಹಿಂದಿನ ಸಾಲಿನವರು ತಪ್ಪಿದ್ದರೆ ತಿದ್ದಬೇಕು. ಒಂದು ಶರ್ಟನ್ನು ಒಬ್ಬಳೇ ಹೊಲಿಯುವುದಿಲ್ಲ. ಕಾಲರ್ ಒಬ್ಬಳು, ಕಫ್ ಒಬ್ಬಳು, ಜೇಬು ಒಬ್ಬಳು, ತೋಳು ಕೂಡಿಸುವವಳು ಇನ್ನೊಬ್ಬಳು. ಸಾಲಾಗಿ ಹತ್ತಾರು ಮೆಶಿನ್ನುಗಳು. ಪೀಸು ಕೈಯಿಂದ ಕೈಗೆ ಹೋಗುತ್ತದೆ. ತಲೆಯ ಮೇಲಿನ ಬೋರ್ಡಿನಲ್ಲಿ ಗಂಟೆಗೆ ಇಷ್ಟು ಎಂದು ಟಾರ್ಗೆಟ್. ಒಬ್ಬಳು ನಿಧಾನ ಮಾಡಿದರೆ ಅವಳ ಮುಂದೆ ಪೀಸು ರಾಶಿ ಬೀಳುತ್ತದೆ, ಅವಳ ಆಚೆಯವಳಿಗೆ ಕೆಲಸವೇ ಇಲ್ಲದಂತಾಗುತ್ತದೆ, ಸೂಪರ್‌ವೈಸರ್ ಓಡಿ ಬರುತ್ತಾನೆ. ಬೈಗುಳ ಯಾವ ಮಟ್ಟದ್ದೆಂದು ಈ ವೇದಿಕೆಯ ಮೇಲೆ ಹೇಳಲಾರೆ. ನೀರು ಕುಡಿದರೆ ಶೌಚಕ್ಕೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದೆ ದಿನ ಕಳೆಯುವವರಿದ್ದಾರೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ವರು ಹೆಂಗಸರು. ಲೈನಿನ ತಲೆಯ ಮೇಲೆ ನಿಲ್ಲುವವರಲ್ಲಿ ಬಹುಪಾಲು ಗಂಡಸರು.

ಇದೇ ಲೈನಿನಲ್ಲಿ ಒಂದು ಶಕ್ತಿಯೂ ಅಡಗಿದೆ. ಒಬ್ಬಳು ನಿಂತರೆ ಎಲ್ಲ ನಿಲ್ಲುತ್ತದೆ ಎನ್ನುವುದು ಲೈನಿನಲ್ಲಿ ಕೂತ ಪ್ರತಿಯೊಬ್ಬಳಿಗೂ ಗೊತ್ತು. ಪೀಸು ಸಾಗಿದ ದಾರಿಯಲ್ಲೇ ಮಾತೂ ಸಾಗುತ್ತದೆ, ಮೇಲಿನವನಿಗೆ ಕೇಳಿಸದ ಹಾಗೆ. ತುಮಕೂರು ರಸ್ತೆ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಉದ್ದಕ್ಕೂ ಕಾರ್ಖಾನೆಗಳು. ಸಂಜೆ ಒಂದೇ ಹೊತ್ತಿಗೆ ಗೇಟುಗಳು ತೆರೆಯುತ್ತವೆ. ಕುಣಿಗಲ್, ಮಾಗಡಿ, ಕನಕಪುರ, ಮಂಡ್ಯ, ಕೋಲಾರ, ಆಮೇಲೆ ರಾಯಚೂರು, ಕಲಬುರಗಿ, ಈಚೆಗೆ ಒಡಿಶಾ, ಜಾರ್ಖಂಡ್, ಎಲ್ಲ ಕಡೆಯ ಹೆಣ್ಣುಮಕ್ಕಳು ಒಂದೇ ರಸ್ತೆಗೆ ಇಳಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ ಆದದ್ದು ಅರ್ಥವಾಗಬೇಕಾದರೆ ಈ ಲೈನನ್ನೂ ಈ ರಸ್ತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಭವಿಷ್ಯನಿಧಿಯ ನಿಯಮ ಬದಲಿಸಿತು. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳಾದರೆ ಪಿ.ಎಫ್. ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದಲ್ಲಿ ನೌಕರರ ಪಾಲನ್ನಷ್ಟೇ ತೆಗೆಯಬಹುದು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಕ್ಕದು. ಲೆಕ್ಕ ಹಾಕಿ ನೋಡೋಣ. ಪಿ.ಎಫ್. ಕಡಿತಕ್ಕೆ ಸೇರುವ ಸಂಬಳ ತಿಂಗಳಿಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡ 12 ಎಂದರೆ 840 ರೂಪಾಯಿ ಅವಳ ಪಾಲು. ಮಾಲೀಕರೂ 840 ಕಟ್ಟುತ್ತಾರೆ, ಆದರೆ ಅದರಲ್ಲಿ ಶೇಕಡ 8.33ರ ಲೆಕ್ಕದ 583 ರೂಪಾಯಿ ಪಿಂಚಣಿ ಖಾತೆಗೆ, ಶೇಕಡ 3.67ರ 257 ರೂಪಾಯಿ ಮಾತ್ರ ಭವಿಷ್ಯನಿಧಿಗೆ. ಐದು ವರ್ಷ ದುಡಿದರೆ ಆ 257 ರೂಪಾಯಿ ಕೂಡಿ 15 ಸಾವಿರ ಚಿಲ್ಲರೆ. ಬಡ್ಡಿ ಬೇರೆ.

ಹದಿನೈದು ಸಾವಿರಕ್ಕೆ ಇಷ್ಟು ದೊಡ್ಡ ಗಲಾಟೆಯೇ ಎಂದು ಅಂದಿನ ದಿನಗಳಲ್ಲಿ ವಿದ್ಯಾವಂತರು ನನ್ನ ಮುಂದೆಯೇ ಕೇಳಿದ್ದಾರೆ. ದಿಲ್ಲಿಯಲ್ಲಿ ನಿಯಮ ಬರೆದವರಿಗೆ ಪಿ.ಎಫ್. ಎಂದರೆ ಮುಪ್ಪಿನ ಆಸರೆ. ನಮ್ಮ ಓಣಿಗಳಲ್ಲಿ ಪಿ.ಎಫ್. ಎಂದರೆ ಮಗಳ ಕಾಲೇಜು ಫೀಸು, ಮನೆ ಲೀಸಿಗೆ ಕೂಡಿಸುವ ಮೊತ್ತ, ತಂಗಿಯ ಮದುವೆ, ಊರಿನ ಬತ್ತಿದ ಬೋರ್‌ವೆಲ್ಲಿನ ಸಾಲ, ಬಾಣಂತನ. ಆ ದುಡ್ಡು ತೆಗೆಯುವುದಕ್ಕೆಂದೇ ಒಂದು ಕಾರ್ಖಾನೆ ಬಿಟ್ಟು, ಎರಡು ತಿಂಗಳು ಹೇಗೋ ಕಳೆದು, ಇನ್ನೊಂದರಲ್ಲಿ ಹೊಸದಾಗಿ ಹೆಲ್ಪರಾಗಿಯೋ ಟೈಲರಾಗಿಯೋ ಸೇರುವುದು ರೂಢಿಯಾಗಿತ್ತು. ಹಾಗೆ ಬಿಟ್ಟುಬಿಟ್ಟು ಸೇರುವುದರಿಂದ ಐದು ವರ್ಷಕ್ಕೆ ಸಿಗುವ ಗ್ರಾಚ್ಯುಯಿಟಿ ಕೈತಪ್ಪುತ್ತದೆ ಎನ್ನುವುದೂ ಅವರಿಗೆ ತಿಳಿದಿತ್ತು. ಗಂಡನ ಕೈಗೆ ಸಿಗದ, ಚೀಟಿಯವನು ಮುಳುಗಿಸದ, ತನ್ನದೇ ಹೆಸರಿನಲ್ಲಿ ಬೆಳೆಯುವ ದುಡ್ಡು ಬಹಳ ಹೆಂಗಸರಿಗೆ ಅದೊಂದೇ. 58ರವರೆಗೆ ಕಾಯಬೇಕೆಂದರೆ, ನಲವತ್ತಕ್ಕೇ ಕಣ್ಣು ಮಂಜಾಗಿ ಬೆನ್ನು ಹಿಡಿದು ಲೈನಿನಿಂದ ಹೊರಗೆ ಬೀಳುವವಳು ಇನ್ನು ಹದಿನೆಂಟು ವರ್ಷ ಕಾಯಬೇಕು.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಕಾರ್ಖಾನೆಯೊಂದರ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಅಕ್ಕಪಕ್ಕದ ಕಾರ್ಖಾನೆಗಳವರು ಸೇರಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಕರಪತ್ರ ಇರಲಿಲ್ಲ, ಬಾವುಟ ಇರಲಿಲ್ಲ, ಮೈಕ್ ಇರಲಿಲ್ಲ. ಮರುದಿನ ಬೆಳಗ್ಗೆ ಅದು ಊರಿನ ಇನ್ನೊಂದು ತುದಿಗೆ, ನಮ್ಮ ಜಾಲಹಳ್ಳಿ ಕ್ರಾಸಿಗೆ, ಪೀಣ್ಯಕ್ಕೆ ಬಂದಿತ್ತು.

ಆ ಮಂಗಳವಾರ ನಾನು ಕಾಲೇಜಿಗೆ ಬರುವ ಬಸ್ಸಿನಲ್ಲಿದ್ದೆ. ಜಾಲಹಳ್ಳಿ ಕ್ರಾಸಿಗೆ ಇನ್ನೂ ಅರ್ಧ ಕಿಲೋಮೀಟರು ಇರುವಾಗಲೇ ಬಸ್ಸು ನಿಂತಿತು. ಇಳಿದು ನಡೆದೆ. ಮೇಲೆ ಮೆಟ್ರೊ ಎಂದಿನಂತೆ ಓಡುತ್ತಿತ್ತು. ಕೆಳಗೆ ರಸ್ತೆ ತುಂಬ ಹೆಂಗಸರು ಕೂತಿದ್ದರು. ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಹನ್ನೊಂದು ಗಂಟೆಯ ಬಿಸಿಲು. ಸೆರಗನ್ನು ತಲೆಗೆ ಹೊದ್ದುಕೊಂಡು ಪಕ್ಕದವಳ ಮೇಲೂ ಎಳೆದಿದ್ದರು. ಅವರಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಕಂಡರು. ಎರಡು ವರ್ಷದಲ್ಲಿ ಮೂರು ಸಲ ಕಾಲೇಜಿಗೆ ಬಂದಾಗಲೂ ನನ್ನ ಮುಂದೆ ಕುರ್ಚಿಯಲ್ಲಿ ಕೂರಲು ಹಿಂಜರಿದವರು. ಅಂದು ಎದ್ದು ಬಂದು ಕೈಹಿಡಿದು, "ಮೇಡಂ, ಆ ಕಡೆ ಹೋಗಬೇಡಿ, ಕಲ್ಲು ಬೀಳ್ತಾ ಇದೆ. ಇಲ್ಲೇ ನಮ್ಮ ಜೊತೆ ಕೂತ್ಕೊಳ್ಳಿ," ಎಂದರು. ಕೂತೆ. ಇಲ್ಲಿಗೆ ಬನ್ನಿ ಎಂದು ಹೇಳಿದವರಾರು ಅಂತ ಕೇಳಿದೆ. "ಯಾರೂ ಹೇಳಲಿಲ್ಲ. ಎಲ್ಲಾರೂ ಎದ್ದ್ರು, ನಾನೂ ಎದ್ದೆ," ಎಂದರು. ಪಕ್ಕದಲ್ಲಿದ್ದವರು ನಕ್ಕು ಹೇಳಿದರು, "ಇವ್ರೇ ಫಸ್ಟ್ ಎದ್ದಿದ್ದು ಮೇಡಂ."

ಆ ದಿನ ಒಳ್ಳೆಯದಷ್ಟೇ ಆಗಲಿಲ್ಲ. ಹೆಬ್ಬಗೋಡಿ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿತ್ತು. ಬಸ್ಸುಗಳು ಸುಟ್ಟವು. ಲಾಠಿ, ಅಶ್ರುವಾಯು. ಬೆಂಕಿ ಹಚ್ಚಿದವರು ಹೊರಗಿನಿಂದ ಬಂದ ಹುಡುಗರು ಎಂದು ಹೆಂಗಸರು ಹೇಳಿದರು. ಏಟು ತಿಂದವರಲ್ಲಿ ಹೆಂಗಸರೇ ಬಹಳ. ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ರದ್ದು ಮಾಡಿದ್ದೇವೆ ಎಂದು ಪ್ರಕಟಿಸಿದರು. ದೊಡ್ಡ ಕಾರ್ಮಿಕ ಒಕ್ಕೂಟಗಳು ತಿಂಗಳುಗಟ್ಟಲೆ ಮನವಿ ಕೊಟ್ಟು ಕದಲಿಸಲಾಗದ ನಿಯಮ ಎರಡು ದಿನದಲ್ಲಿ ಬಿತ್ತು. ಅದರ ಫಲ ದೇಶದ ಕೋಟ್ಯಂತರ ಪಿ.ಎಫ್. ಚಂದಾದಾರರಿಗೂ ದಕ್ಕಿತು. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಕೆಲಸ ಬದಲಿಸುವಾಗ ಪಿ.ಎಫ್. ತೆಗೆಯುವ ಎಂಜಿನಿಯರುಗಳಿಗೂ ದಕ್ಕಿತು. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಮರುದಿನದ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡದ್ದು ಸುಟ್ಟ ಬಸ್ಸು, ಟ್ರಾಫಿಕ್ಕು, ಸಚಿವರ ಹೇಳಿಕೆ. ನಾಯಕರಿಲ್ಲದ ಗುಂಪು ಎಂದು ಬರೆದರು. ನಾಯಕರಿಲ್ಲ ಎಂದರೆ ಏನು? ಲೈನಿನಲ್ಲಿ ಮೊದಲು ಎದ್ದವಳು ಒಬ್ಬಳು ಇರಲೇಬೇಕಲ್ಲ. ಪಕ್ಕದ ಕಾರ್ಖಾನೆಯ ಗೇಟಿಗೆ ಹೋಗಿ ಕೂಗಿದವಳು ಇರಲೇಬೇಕಲ್ಲ. ಆ ಬಿಸಿಲಲ್ಲಿ ನೀರಿನ ಬಾಟಲಿ ದಾಟಿಸಿ, ಹುಡುಗರು ಕಲ್ಲೆತ್ತಿದಾಗ ಕೈ ಹಿಡಿದು ಬೈದವಳು ಇರಲೇಬೇಕಲ್ಲ. ಹೆಸರು ಗೊತ್ತಾದರೆ ಕೆಲಸ ಹೋಗುತ್ತದೆ, ಪೊಲೀಸು ಮನೆಗೆ ಬರುತ್ತದೆ. ಅದಕ್ಕೆ ಅವರು ಹೆಸರು ಹೇಳಲಿಲ್ಲ. ಹೇಳದ ಹೆಸರನ್ನು ನಾವು ಇಲ್ಲದ ಹೆಸರು ಎಂದು ಓದಿಕೊಂಡೆವು. ಮಹಲ್ಲಾದ ಹೆಂಗಸರಿಗೆ ಆದದ್ದೂ ಇದೇ ಎಂದು ನನಗೆ ಅನ್ನಿಸುತ್ತದೆ.

ಅರಬ್ ಜಗತ್ತಿನಿಂದಲೇ ಇನ್ನೊಂದು ಉದಾಹರಣೆ. ಸೌದಿ ಅರೇಬಿಯಾದಲ್ಲಿ 1990ರ ನವೆಂಬರ್ 6ರಂದು 47 ಹೆಂಗಸರು ರಿಯಾದಿನ ಬೀದಿಗಳಲ್ಲಿ ಕಾರು ಓಡಿಸಿದರು. ಹಲವರು ಕೆಲಸ ಕಳೆದುಕೊಂಡರು, ಪಾಸ್‌ಪೋರ್ಟುಗಳನ್ನು ಕಿತ್ತುಕೊಳ್ಳಲಾಯಿತು. 27 ವರ್ಷಗಳ ಮೇಲೆ ದೊರೆಯ ಆದೇಶ ಬಂತು. 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸಬಹುದು ಎಂದಾಯಿತು. ಜಗತ್ತು ಮೆಚ್ಚಿತು. ಅದಕ್ಕೆ ಕೆಲವೇ ವಾರ ಮೊದಲು, ಮೇ ತಿಂಗಳಲ್ಲಿ, ಆ ಹಕ್ಕನ್ನು ಕೇಳುತ್ತ ಬಂದಿದ್ದ ಲುಜೈನ್ ಅಲ್ ಹತ್ಲೂಲ್ ಮತ್ತಿತರ ಹೆಂಗಸರನ್ನು ಬಂಧಿಸಿದ್ದರು. ಲುಜೈನ್ ಹೊರಗೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಹಕ್ಕು ಕೊಡುವಾಗ ಅದನ್ನು ಕೇಳಿದವಳನ್ನು ಸೆರೆಮನೆಗೆ ಕಳಿಸುವುದರ ಅರ್ಥ ಸ್ಪಷ್ಟ: ಇದು ನಾವು ಕೊಟ್ಟದ್ದು, ನೀನು ಪಡೆದದ್ದಲ್ಲ. ಈ ಮಾತು ಮರಳುಗಾಡಿನದ್ದು ಮಾತ್ರ ಎಂದು ಯಾರೂ ತಿಳಿಯಬಾರದು. ಗಂಡಸು, ಮಾಲೀಕ, ಸರ್ಕಾರ, ಮೂವರೂ ಇಲ್ಲೂ ಹೀಗೇ ಕೊಡುತ್ತಾರೆ.

ಸಬಲೀಕರಣ ಎಂಬ ಮಾತಿನ ಬಗ್ಗೆ ನನಗಿರುವ ಸಂಕಟ ಇಲ್ಲಿಂದಲೇ ಹುಟ್ಟಿದ್ದು. ಬಟ್ಟೆ ಮಾರುವ ಅಮೆರಿಕದ ಗ್ಯಾಪ್ ಕಂಪನಿ 2007ರಲ್ಲಿ ಕಾರ್ಖಾನೆಯ ಹೆಂಗಸರಿಗಾಗಿ ಒಂದು ತರಬೇತಿ ಆರಂಭಿಸಿತು. ಮಾತಾಡುವ ರೀತಿ, ಸಮಯ ಹೊಂದಿಸುವುದು, ಒತ್ತಡ ತಾಳುವುದು, ಆರೋಗ್ಯ ಇಂಥವನ್ನು ಕಲಿಸುವ ತರಬೇತಿ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಅದರ ಫಲವನ್ನು ಅರ್ಥಶಾಸ್ತ್ರಜ್ಞರು ಅಳೆದರು. ಕಲಿತ ಹೆಂಗಸರು ಹೆಚ್ಚು ಪೀಸು ತೆಗೆದರು. ತರಬೇತಿ ಮುಗಿದು ಒಂದು ವರ್ಷವೂ ತುಂಬುವ ಮೊದಲೇ ಹಾಕಿದ ದುಡ್ಡಿಗೆ ಶೇಕಡ 250ರಷ್ಟು ಲಾಭ ಕಾರ್ಖಾನೆಗೆ ಬಂತು. ಆ ಹೆಂಗಸರ ಸಂಬಳ ಏರಿದ್ದು ತೀರ ಅಲ್ಪ. ತರಬೇತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದನ್ನು ಮುಗಿಸಿದ ಕೆಲವರು ಮೊದಲ ಸಲ ಧೈರ್ಯವಾಗಿ ಮಾತಾಡಿದೆವೆಂದು ನನಗೇ ಹೇಳಿದ್ದಾರೆ, ಅದು ಸಣ್ಣ ಸಂಗತಿಯಲ್ಲ. ಆದರೆ ಧೈರ್ಯ ಬಂದವಳಿಗೆ ಬಾಕಿಯೂ ಬರಬೇಕು. ಸಂಬಳ ಏರದ ಸಬಲೀಕರಣದಲ್ಲಿ ಬಲ ಹೆಚ್ಚಿದ್ದು ಯಾರಿಗೆ ಎಂದು ಕೇಳುವುದು ತಕರಾರಾದರೆ, ಆ ತಕರಾರು ನನ್ನದೂ ಹೌದು.

ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲೇ ಇನ್ನೊಂದು ಬಗೆಯ ನಾಯಕತ್ವವೂ ಇದೆ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾಗುತ್ತದೆ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನ ಒಂದು ಕಾರು ಶೆಡ್ಡಿನಲ್ಲಿ 10 ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಪರಂಗಿಹಣ್ಣಿನಿಂದ ಕಿಣ್ವ ತೆಗೆಯುವುದು ಮೊದಲ ಕೆಲಸಗಳಲ್ಲೊಂದು. ಇಪ್ಪತ್ತೈದರ ಹುಡುಗಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆದವು. 2016ರ ಏಪ್ರಿಲ್‌ನಲ್ಲಿ ಹೊಗೆಯೆದ್ದ ಠಾಣೆಯೂ ಬಯೋಕಾನಿನ ದೊಡ್ಡ ಆವರಣವೂ ಇರುವುದು ಒಂದೇ ಊರಿನಲ್ಲಿ. ಈ ಎರಡನ್ನೂ ಒಂದೇ ಪಾಠದಲ್ಲಿ ಕಲಿಸಬೇಕೆನ್ನುವವಳು ನಾನು. ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿದ ಆ ಹುಡುಗಿಯ ಹಟಕ್ಕೂ ಮೆಶಿನ್ ಬಿಟ್ಟು ಎದ್ದವಳ ಹಟಕ್ಕೂ ಬೇರು ಒಂದೇ. ಒಬ್ಬರ ಹೆಸರು ಪಠ್ಯಪುಸ್ತಕಕ್ಕೆ ಬಂತು. ಇನ್ನೊಬ್ಬರದೂ ಬರಬೇಕು.

ಕುರ್ಚಿ ಕೊಟ್ಟರೆ ನಾಯಕತ್ವ ಬಂದೀತೇ ಎನ್ನುವ ಪ್ರಶ್ನೆ ಹಳೆಯದು. ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ ತನ್ನ ರಾಷ್ಟ್ರೀಯ ಮಂಡಳಿಯ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಕೊಟ್ಟಿತು. ಆದರೆ ಆ ಮಂಡಳಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಕರ್ನಾಟಕದಲ್ಲಿ ನಾವು ಅದಕ್ಕೂ ಬಹಳ ಮೊದಲೇ, 1983ರ ಕಾಯಿದೆಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇಕಡ 25 ಮೀಸಲಿಟ್ಟೆವು, 1987ರ ಚುನಾವಣೆಯಲ್ಲಿ ಸುಮಾರು 14 ಸಾವಿರ ಹೆಂಗಸರು ಗೆದ್ದರು. ಗಂಡನೇ ಸಹಿ ಹಾಕಿಸುತ್ತಿದ್ದ ಎಂದು ದೂರುವವರಿದ್ದಾರೆ. ಮೊದಲ ಅವಧಿಯಲ್ಲಿ ಗಂಡ ಕೈ ತೋರಿಸಿದ ಕಡೆ ಸಹಿ ಹಾಕಿದವರು ಮುಂದೆ ಸಹಿ ಹಾಕಲು ಒಲ್ಲೆನೆಂದದ್ದನ್ನೂ ನಮ್ಮ ಹಳ್ಳಿಗಳು ನೋಡಿವೆ. ಕುರ್ಚಿ ಬೇಕು. ಕಾರ್ಖಾನೆಯ ಒಳಗೆ ಮಾತ್ರ ಅಂಥ ಕುರ್ಚಿ ಇಲ್ಲ. ಐದರಲ್ಲಿ ನಾಲ್ವರು ಹೆಂಗಸರಿರುವ ಕಡೆ ಸೂಪರ್‌ವೈಸರುಗಳಲ್ಲಿ ಅರ್ಧವಾದರೂ ಹೆಂಗಸರಿರಲಿ ಎಂದು ಯಾವ ಕಾಯಿದೆಯೂ ಹೇಳುವುದಿಲ್ಲ. 2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ದುಡಿಮೆಗೆ, ಹೆಂಗಸರ ರಾತ್ರಿ ಪಾಳಿಗೆ ಅವಕಾಶ ಮಾಡಿತು. ರಾತ್ರಿ ಪಾಳಿಯನ್ನು ಸಮಾನತೆ ಎಂದು ವಿವರಿಸಿದರು. ರಾತ್ರಿ ಹನ್ನೊಂದಕ್ಕೆ ಮಗುವನ್ನು ಎಲ್ಲಿ ಬಿಟ್ಟು ಬರಬೇಕು ಎನ್ನುವುದನ್ನು ಪೀಣ್ಯದ ತಾಯಂದಿರನ್ನು ಮೊದಲು ಕೇಳಬೇಕಿತ್ತು. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾಯಿದೆಯ ಹಳೆಯ ತಿದ್ದುಪಡಿಯೇ ಹೇಳಿತ್ತು. ಹಿಂದಿನ ಸಾಲಿನವರಲ್ಲಿ ಎಷ್ಟು ಜನ ಮಗುವನ್ನು ಅಲ್ಲಿ ನಿಶ್ಚಿಂತೆಯಿಂದ ಬಿಟ್ಟಿದ್ದೀರಿ ಎಂದು ಕೇಳಲು ನನಗೆ ಧೈರ್ಯವಿಲ್ಲ.

ನಿಧಾನವಾಗಿಯಾದರೂ ಹೆಸರುಗಳು ಹುಟ್ಟುತ್ತಿವೆ. 2012ರಲ್ಲಿ ಶುರುವಾದ ಗಾರ್ಮೆಂಟ್ ಲೇಬರ್ ಯೂನಿಯನ್ನನ್ನು ಮುನ್ನಡೆಸಿದ ರುಕ್ಮಿಣಿ ವಿ.ಪಿ., ಗಾರ್ಮೆಂಟ್ ಆಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಅಧ್ಯಕ್ಷೆಯಾದ ಪ್ರತಿಭಾ ಆರ್., ಇಬ್ಬರೂ ಕಾರ್ಖಾನೆಯಲ್ಲಿ ದುಡಿದು ಬಂದವರು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಕಾರ್ಖಾನೆಯಿಂದ ಯಂತ್ರಗಳನ್ನು ಸಾಗಿಸಲು ಹೊರಟಾಗ ಸಾವಿರಕ್ಕೂ ಹೆಚ್ಚು ಹೆಂಗಸರು ಗೇಟಿನ ಮುಂದೆ ಸುಮಾರು 50 ದಿನ ಕೂತರು. ಈ ಸಲ ಅವರಿಗೆ ಸಂಘ ಇತ್ತು, ಬೇಡಿಕೆಯ ಪಟ್ಟಿ ಇತ್ತು, ಮಾತುಕತೆಗೆ ಹೋಗುವವರು ಯಾರೆಂದು ಗೊತ್ತಿತ್ತು. ಕೇಳಿದ್ದೆಲ್ಲ ಸಿಕ್ಕಲಿಲ್ಲ. ಆದರೂ 2016ಕ್ಕೂ ಇದಕ್ಕೂ ನಡುವೆ ಒಂದು ದೂರವನ್ನು ಹೆಂಗಸರು ನಡೆದಿದ್ದಾರೆ. 2020ರಲ್ಲೇ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ಮುಂದೂಡಿದಾಗಲೂ ಸಂಘದವರು ಹೈಕೋರ್ಟಿನವರೆಗೆ ಹೋದರು. ಆ ಬಾಕಿಯನ್ನು ವಸೂಲು ಮಾಡುವುದಕ್ಕೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಜಾಲಹಳ್ಳಿ ಕ್ರಾಸಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಎರಡು ವರ್ಷದ ಕೆಳಗೆ ಅವರು ಕೆಲಸ ಬಿಟ್ಟರು, ಬೆನ್ನು ನೋವು. ಪಿ.ಎಫ್.ಗೆ ಅರ್ಜಿ ಹಾಕಿದರೆ ತಿರಸ್ಕಾರವಾಗಿ ಬಂತು, ಮತ್ತೆ ಹಾಕಿದರೆ ಮತ್ತೆ ತಿರಸ್ಕಾರ. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ನೋಡಿದರೆ ಆಧಾರಿನಲ್ಲಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದು, ಕಾರ್ಖಾನೆಯವರು ಪಿ.ಎಫ್. ದಾಖಲೆಗೆ ಕೊಟ್ಟದ್ದು ಇನ್ನೊಂದು. ಒಂದು ಅಕ್ಷರ ಹೆಚ್ಚು. ಅದನ್ನು ತಿದ್ದಲು ಕಾರ್ಖಾನೆಯವರ ಸಹಿಯೂ ಬೇಕಿದ್ದ ಜಂಟಿ ಘೋಷಣೆಯ ಅರ್ಜಿ. ಗೇಟಿನಲ್ಲಿ ಮೂರು ಸಲ ವಾಪಸು ಕಳಿಸಿದರು. ನಾಲ್ಕನೇ ಸಲ ನಾನೂ ಜೊತೆಗೆ ಹೋದೆ. ನನ್ನನ್ನು ಒಳಗೆ ಕರೆದು ಕೂರಿಸಿದರು. ಆ ತಾಯಿ ಬಾಗಿಲಲ್ಲೇ ನಿಂತು, "ಹನ್ನೊಂದು ವರ್ಷ ಇದೇ ಹೆಸರಲ್ಲಿ ಹಾಜರಿ ಹಾಕಿದ್ದೀರಿ, ಈಗ ಈ ಹೆಸರು ಯಾರದ್ದು ಅಂತೀರಾ?" ಎಂದು ಒಂದೇ ಸಲ, ಮೆಲ್ಲಗೆ ಕೇಳಿದರು. ಸಹಿ ಆಯಿತು. ದುಡ್ಡು ಐದು ತಿಂಗಳ ಮೇಲೆ ಬಂತು.

ದುಡ್ಡು ಬಂದ ದಿನ ಅರ್ಧ ಕೆ.ಜಿ. ಮೈಸೂರು ಪಾಕು ತಂದು, "ನಮ್ಮ ಲೈನಲ್ಲಿ ಇನ್ನೂ ಮೂರು ಜನರ ಹೆಸರು ಹೀಗೇ ತಪ್ಪಾಗಿದೆ ಮೇಡಂ, ಭಾನುವಾರ ಕರ್ಕೊಂಡು ಬರಲಾ?" ಎಂದರು. ಬನ್ನಿ ಎಂದೆ. ಬಂದದ್ದು ಒಂಬತ್ತು ಜನ. ಅವರವರ ಆಧಾರು, ಪಿ.ಎಫ್. ನಂಬರು, ಕಾರ್ಖಾನೆಗೆ ಸೇರಿದ ತಾರೀಖು, ಬಿಟ್ಟ ತಾರೀಖು ಎಲ್ಲವನ್ನೂ ಆ ತಾಯಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತಂದಿದ್ದರು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ನನ್ನ ಮುಂದೆ ಕೂರಿಸಿದರು. ನಾನು ಫಾರಂ ತುಂಬುತ್ತಿದ್ದರೆ ಪಕ್ಕದಲ್ಲಿ ನಿಂತು ಪ್ರತಿ ಅಕ್ಷರವನ್ನೂ ಆಧಾರಿನ ಜೊತೆ ಹೋಲಿಸಿ ನೋಡುತ್ತಿದ್ದರು. ಐದನೆಯವರ ಹೆಸರಿನಲ್ಲಿ ನಾನೇ ಒಂದು ಅಕ್ಷರ ತಪ್ಪಿದೆ. ಕೈ ಹಿಡಿದು ನಿಲ್ಲಿಸಿದರು.